ದೋಣಿಗಾಡಿಗೆ ದೊಡ್ಡ ಗಾಲಿ

ಯಾಕೆ ಇದೆಯೆಂದು ಮನೆಯವರಿಗೇ ಗೊತ್ತಿಲ್ಲದ ಒಂದು ವಸ್ತು ಪ್ರತಿಯೊಂದು ಮನೆಯಲ್ಲಿಯೂ ಇದ್ದೇ ಇರುತ್ತದೆ. ಕೆಲವರ ಮನೆಯಲ್ಲಿ ಅದು ನಿಂತುಹೋದ ಗಡಿಯಾರ, ಕೆಲವರ ಮನೆಯಲ್ಲಿ ತಳ ತೂತಾದ ಹಂಡೆ, ಇನ್ನು ಕೆಲವರ ಮನೆಯಲ್ಲಿ ದೂರದ ಸಂಬಂಧದ ಒಬ್ಬ ಮಾವ. ಅದನ್ನು ಎಸೆಯಲು ಮನಸ್ಸಾಗುವುದಿಲ್ಲ, ಇಟ್ಟುಕೊಂಡು ಮಾಡುವುದೂ ಏನಿಲ್ಲ. ನಮ್ಮ ಮನೆಯಲ್ಲಿ ಒಂದು ದೋಣಿ ಇತ್ತು. ಆಳಂದದ ಪೇಟೆಯಲ್ಲಿ ಅರಿವೆಯ ಅಂಗಡಿ ಇಟ್ಟುಕೊಂಡವನು ನಾನು. ನಮ್ಮೂರಿನಿಂದ ಭೀಮಾ ಹೊಳೆಯನ್ನು ನೋಡಬೇಕೆಂದರೆ ಎತ್ತಿನ ಗಾಡಿ ಕಟ್ಟಿಸಿ, ನಡುವೆ ಯಾವುದಾದರೂ ಹಳ್ಳಿಯಲ್ಲಿ ವಸ್ತಿ ಮಾಡಿ, ಮರುದಿನ ಮೈಕೈ ನೋಯಿಸಿಕೊಂಡು ಮುಟ್ಟಬೇಕು. ಅದೂ ಅಲ್ಲದೆ ನನಗೆ ಈಜು ಬರುವುದಿಲ್ಲ. ಬಾವಿಗೆ ಇಳಿದರೂ ಮೇಲಿನ ಮೆಟ್ಟಿಲ ಮೇಲೆ ಕೂತು ತಂಬಿಗೆಯಿಂದ ತಲೆಗೆ ನೀರು ಹೊಯ್ದುಕೊಂಡು ಎದ್ದು ಬರುವ ಆಸಾಮಿ. ಇಂಥವನು ದೋಣಿಯ ಮಾಲೀಕ ಎಂದರೆ ನಗಬಾರದು ಎಂದು ಯಾರಿಗೆ ಹೇಳಲಿ?

ಅದು ನಿಜಾಮರ ಕಾಲ. ಹೊಳೆಯ ನೀರು ಅಳೆಯಲೆಂದು ಸರಕಾರದಿಂದ ಬಂದ ಒಬ್ಬ ಇಂಜಿನಿಯರ ಸಾಹೇಬರು ನಮ್ಮ ಮನೆಯ ಹೊರ ಪಡಸಾಲೆಯಲ್ಲಿ ಬಾಡಿಗೆಗಿದ್ದರು. ಅವರ ಮೋಟಾರಿನ ಹಿಂದೆ ಎರಡು ಪುಟ್ಟ ಗಾಲಿಯ ಒಂದು ಗಾಡಿ, ಆ ಗಾಡಿಯ ಮೇಲೆ ಒಂದು ಪುಟ್ಟ ದೋಣಿ. ಮೋಟಾರು ಹೊರಟರೆ ತಾಯಿಯ ಹಿಂದೆ ಕರು ಹೋದಂತೆ ದೋಣಿಯೂ ಹಿಂದೆಯೇ ಹೋಗುತ್ತಿತ್ತು. ಹೈದರಾಬಾದಿಗೆ ವರ್ಗವಾದಾಗ ಸಾಹೇಬರು ಮೋಟಾರು ಒಯ್ದರು, ದೋಣಿಯನ್ನು ಗಾಡಿಯ ಸಮೇತ ನಮ್ಮ ಅಂಗಳದಲ್ಲಿ ಬಿಟ್ಟರು. "ಇಟ್ಟುಕೊಳ್ಳಿ, ಎಂದಾದರೂ ಉಪಯೋಗಕ್ಕೆ ಬಂದೀತು" ಎಂದು ಬೇರೆ ಹೇಳಿದರು. ಉಪಯೋಗಕ್ಕೇನೋ ಬಂತು. ಬೇಸಿಗೆಯಲ್ಲಿ ನಮ್ಮಾಕೆ ಅದರಲ್ಲಿ ಮೆಣಸಿನಕಾಯಿ ಒಣಗಿಸಿದಳು, ಶಾವಿಗೆ ಒಣಗಿಸಿದಳು. ಚಳಿಗಾಲದಲ್ಲಿ ಬೆಕ್ಕು ಅದರಲ್ಲಿ ಮರಿ ಹಾಕಿತು. ಗಿರಾಕಿಗಳು ಮನೆಗೆ ಬಂದರೆ ನಾನು ಅವರನ್ನು ಅಂಗಳಕ್ಕೆ ಕರೆದೊಯ್ದು, "ಇದು ನಮ್ಮ ದೋಣಿ" ಎಂದು ತೋರಿಸುತ್ತಿದ್ದೆ. ಅವರು ನೋಡಿ, ಒಂದಿಷ್ಟು ಮೆಣಸಿನಕಾಯಿ ಕೇಳಿ ಒಯ್ಯುತ್ತಿದ್ದರು.

ಇನ್ನು ನಮ್ಮ ಮನೆಯ ಸಂಕಟವನ್ನು ಹೇಳಿಬಿಡುತ್ತೇನೆ. ನನ್ನ ಅಕ್ಕ ನೀಲವ್ವನನ್ನು ಕೊಟ್ಟದ್ದು ಭೀಮೆಯ ಆಚೆ ದಂಡೆಗೆ, ಜೇವರ್ಗಿ ಕಡೆಯ ಒಂದು ಹಳ್ಳಿಗೆ. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಕರೆಯಲು ಯಾರೂ ಬರದಿದ್ದರೆ ಆ ಹೆಣ್ಣುಮಗಳು ಊರೆಲ್ಲ ಉಂಡಿ ತಿನ್ನುವಾಗ ಬಾಗಿಲ ಬಳಿ ನಿಂತು ಹಾದಿ ನೋಡಬೇಕು. ಈ ಹಬ್ಬವನ್ನು ಶ್ರಾವಣದಲ್ಲಿ ಇಟ್ಟ ಪುಣ್ಯಾತ್ಮ ಯಾರೋ, ಅವನಿಗೆ ಹೊಳೆಯಾಚೆ ಅಕ್ಕತಂಗಿಯರು ಇರಲಿಲ್ಲವೆಂದು ಕಾಣುತ್ತದೆ. ಅದೇ ಹೊತ್ತಿಗೆ ಭೀಮೆ ತುಂಬಿ ಬರುತ್ತಾಳೆ, ಹರಗೋಲು ನಿಲ್ಲುತ್ತದೆ. ಮೂರು ವರ್ಷದಿಂದ ನಾನು ಹೊಳೆಯ ತನಕ ಹೋಗಿ, ಕೆಂಪು ನೀರು ನೋಡಿ, ಹಾಗೇ ತಿರುಗಿ ಬಂದಿದ್ದೆ. ಅವ್ವ ಮಾತ್ರ ಪ್ರತಿ ವರ್ಷವೂ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸುತ್ತಿದ್ದಳು. ನೀಲವ್ವ ಬಂದು ಕೂಡುವವರೆಗೆ ಯಾರೂ ಅದರ ಮೇಲೆ ಕೂಡಬಾರದು. ಹಬ್ಬ ಮುಗಿದು ಜೋಕಾಲಿಯನ್ನು ಹಾಗೇ ಬಿಚ್ಚುವಾಗ ಅವ್ವ ಒಳಗೆ ಹೋಗಿಬಿಡುತ್ತಿದ್ದಳು. ನನಗೆ ಆ ಹಗ್ಗ ಬಿಚ್ಚುವ ಕೆಲಸ ಬಹಳ ಭಾರವಾಗುತ್ತಿತ್ತು.

ಆ ವರ್ಷ ಮಳೆಗಾಲದ ಮೋಡ ಕಾಣಿಸಿಕೊಂಡ ದಿನ ಅವ್ವ ದೋಣಿಯ ಪಕ್ಕದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನನ್ನು ಕರೆದಳು.

"ಗುರು, ಇದು ಎದಕ್ಕ ಇರ್ತದೋ?"

"ಯಾವುದವ್ವ?"

"ಈ ದೋಣಿ."

"ಹೊಳಿ ದಾಟಾಕ."

"ನೀಲವ್ವ ಎಲ್ಲಿ ಅದಾಳ?"

"ಹೊಳಿ ಆಚಿ ದಂಡಿಗಿ."

ಅವ್ವ ದೋಣಿಯೊಳಗಿನ ಮೆಣಸಿನಕಾಯಿಯನ್ನೆಲ್ಲ ಸೆರಗಿಗೆ ತುಂಬತೊಡಗಿದಳು. ಇಷ್ಟು ವರ್ಷ ದೋಣಿಯನ್ನು ದಿನಾ ನೋಡುತ್ತ ಓಡಾಡಿದ ನನಗೆ ಈ ವಿಚಾರ ಯಾಕೆ ಹೊಳೆಯಲಿಲ್ಲ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ನಾನು ಅಂಗಡಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ನಮ್ಮ ಗಾಡಿ ಹೊಡೆಯುವವನು ಸಿದ್ರಾಮ. ಖಜೂರಿಯಿಂದ ನರೋಣದವರೆಗೆ ಅವನ ಎತ್ತುಗಳಿಗೆ ಗೊತ್ತಿಲ್ಲದ ಹಾದಿ ಇಲ್ಲ. ಮೊದಲ ಮಳೆ ಬಿದ್ದ ಮೇಲೆ ಪರೀಕ್ಷೆಗೆಂದು ಅವನು ದೋಣಿಗಾಡಿಗೆ ನೊಗ ಕಟ್ಟಿ ಊರ ಹೊರಗೆ ಹೊಡೆದ. ಆ ಗಾಲಿಗಳೋ, ಜೋಳದ ರೊಟ್ಟಿಗಿಂತ ತುಸು ದೊಡ್ಡವು. ಸಾಹೇಬರ ಸಡಕಿಗೆ ಸರಿ; ನಮ್ಮ ಎರೆಮಣ್ಣಿನ ಹಾದಿಗೆ ಇಳಿಯುತ್ತಲೇ ಗಾಲಿ ಎರಡೂ ಕಾಣೆಯಾದವು, ದೋಣಿಯ ಹೊಟ್ಟೆ ನೆಲಕ್ಕೆ ಕೂತಿತು. ಎತ್ತುಗಳು ಜಗ್ಗಿದಷ್ಟೂ ಹಿಂದೆ ಚೆಂದನೆಯ ಒಂದು ಸಾಲು ಬಿದ್ದಿತು. "ಸಾವ್ಕಾರ್ರ, ಇದಕ್ಕ ದೋಣಿ ಅನ್ನಬ್ಯಾಡ್ರಿ, ನೇಗಿಲ ಅನ್ರಿ. ಹಿಂದ ಒಬ್ಬಾಕಿ ಬಂದ್ರ ತೊಗರಿ ಬಿತ್ತಬಹುದು" ಎಂದ ಸಿದ್ರಾಮ. ದೊಡ್ಡ ಗಾಲಿ ಹಾಕದೆ ಗತಿಯಿಲ್ಲ ಎಂದು ಆಗ ಗೊತ್ತಾಯಿತು. ಆದರೆ ಬಂಡಿಯ ಕಟ್ಟಿಗೆಯ ಗಾಲಿ ಈ ಸಣ್ಣ ಗಾಡಿಗೆ ಹಾಕಿದರೆ ಗಾಲಿಯ ಭಾರಕ್ಕೇ ಗಾಡಿ ಮುರಿಯುತ್ತದೆ.

ನಮ್ಮ ಎದುರು ಮನೆಯಲ್ಲಿ ಹಕೀಮ ಸಾಹೇಬರು ಇದ್ದರು. ಊರಿನ ಅರ್ಧ ಹೊಟ್ಟೆನೋವು ಅವರ ಪುಡಿಯಿಂದಲೇ ಹೋಗುತ್ತಿತ್ತು, ಉಳಿದರ್ಧ ಆ ಪುಡಿಯ ಕಹಿಗೆ ಹೆದರಿ ತಾನೇ ಹೋಗುತ್ತಿತ್ತು. ಅವರ ಹಿತ್ತಲಲ್ಲಿ ಒಂದು ಹಳೆಯ ಮೋಟಾರು ಸತ್ತು ನಿಂತಿತ್ತು. ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ನಾನು ಸಂಕೋಚದಿಂದ ವಿಷಯ ತೆಗೆದೆ. ಹಕೀಮರು ಎದ್ದು ಹೋಗಿ, ರೋಗಿಯ ನಾಡಿ ನೋಡುವಂತೆಯೇ ಮೂರು ಬೆರಳಿಟ್ಟು ಟಾಯರನ್ನು ಒತ್ತಿ ನೋಡಿದರು.

"ಗುರಣ್ಣಾ, ಮೋಟಾರ್ ಸತ್ತದ ಖರೆ, ಗಾಲಿ ಇನ್ನಾ ಜಿಂದಾ ಅದಾವ. ಒಯ್ರಿ. ಅಚ್ಚೂ ಒಯ್ರಿ."

"ನಿಮಗ ಹೆಂಗ ಹೇಳ್ಬೇಕ್ರಿ ಸಾಹೇಬ್ರ..."

"ಏನೂ ಹೇಳಬ್ಯಾಡ್ರಿ. ನೀಲವ್ವ ಸಣ್ಣಾಕಿ ಇದ್ದಾಗ ಪಂಚಮಿಗೆ ನಮ್ಮನಿಗೆ ಎಳ್ಳುಂಡಿ ತಂದು ಕೊಡ್ತಿದ್ಳು. ಆಕಿ ಬಂದ್ರ ಮತ್ತ ತರ್ಲಿ, ಬಸ್."

ಕೋಳಿಗಳನ್ನು ಇಳಿಸುವ ಕೆಲಸ ನನ್ನ ಪಾಲಿಗೇ ಬಂದದ್ದರಿಂದ ಆ ಮಾತಿಗೆ ಅಳಲು ಪುರಸೊತ್ತು ಸಿಗಲಿಲ್ಲ.

ಕಮ್ಮಾರ ಬಂದ, ಅಂಗಳದಲ್ಲೇ ಕೆಲಸ ಶುರುವಾಯಿತು. ಅಳತೆ ನಾನು ಕೊಟ್ಟೆ, ನನ್ನ ಅಂಗಡಿಯ ಗಜದಿಂದ. ಅರಿವೆಯ ವ್ಯವಹಾರದಲ್ಲಿ ಒಂದು ಅನುಕೂಲವಿದೆ: ನಾಲ್ಕು ಬೆರಳು ಆಚೆ ಈಚೆ ಆದರೆ ದರ್ಜಿ ಹೊಲಿಗೆಯಲ್ಲಿ ಹೊಂದಿಸಿಕೊಳ್ಳುತ್ತಾನೆ. ಕಬ್ಬಿಣಕ್ಕೆ ಆ ಗುಣವಿಲ್ಲ. ಗಾಲಿ ಕೂಡಿಸಿ ದೋಣಿ ಇಟ್ಟರೆ ದೋಣಿಯ ಹೊಟ್ಟೆ ಟಾಯರುಗಳಿಗೆ ತಾಗಿ ಗಾಲಿ ತಿರುಗಲೊಲ್ಲದು. ಕಮ್ಮಾರ ನನ್ನ ಮುಖ ನೋಡಿದ, ನಾನು ಗಜದ ಮುಖ ನೋಡಿದೆ. ಕೊನೆಗೆ ಜಾಲಿಯ ದಿಮ್ಮಿಗಳನ್ನು ಕೊಟ್ಟು ದೋಣಿಯನ್ನು ಮೇಲಕ್ಕೆ ಏರಿಸಿದ್ದಾಯಿತು. ಈಗ ಗಾಲಿ ತಿರುಗಿತು. ಆದರೆ ದೋಣಿ ಎಷ್ಟು ಎತ್ತರಕ್ಕೆ ಹೋಯಿತೆಂದರೆ ಅದರೊಳಗೆ ಹತ್ತಲು ಸ್ಟೂಲು ಬೇಕು, ಇಳಿಯಲು ಸ್ಟೂಲೂ ಬೇಕು, ಧೈರ್ಯವೂ ಬೇಕು. ನಾನು ಹತ್ತಿ ಕೂತು ನೋಡಿದೆ. ಕೆಳಗಿನಿಂದ ಅವ್ವ, "ಅಂಬಾರಿ ಮ್ಯಾಲೆ ಕುಂತಂಗ ಕಾಣ್ತಿ ನೋಡಪಾ" ಎಂದಳು. ಹೊಗಳಿದಳೋ ಏನೋ ತಿಳಿಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಇನ್ನೊಂದು ಸತ್ಯ ಹೊರಬಿತ್ತು. ಅಂಗಳದೊಳಗೆ ದೋಣಿಯನ್ನು ಎತ್ತರ ಮಾಡಿದ ನಾವು ತಲಬಾಗಿಲಿನ ಕಮಾನನ್ನು ಎತ್ತರ ಮಾಡಿರಲಿಲ್ಲ. ದೋಣಿಯ ಅಂಚು ಕಮಾನಿಗೆ ಬಡಿದು ನಿಂತಿತು. ಕಮಾನು ಒಡೆಯುವುದೊಂದೇ ಹಾದಿ ಎಂದು ಸಿದ್ರಾಮ ಹಾರೆ ಹುಡುಕತೊಡಗಿದ. ಅದು ನನ್ನ ಅಜ್ಜ ಕಟ್ಟಿಸಿದ ಕಮಾನು. ಅಜ್ಜ ಇದ್ದಿದ್ದರೆ ಮೊದಲು ನನ್ನ ತಲೆ ಒಡೆಯುತ್ತಿದ್ದ. ಅಷ್ಟರಲ್ಲಿ ಹಕೀಮರು ತಮ್ಮ ಕಟ್ಟೆಯಿಂದಲೇ ಕೂಗಿದರು: "ಅರೆ ಗುರಣ್ಣಾ, ಹೊಟ್ಟಿ ಉಬ್ಬಿ ಬಂದವ್ರಿಗಿ ನಾ ಏನ್ ಮಾಡ್ತೇನಿ? ಗಾಳಿ ತೆಗೀತೇನಿ. ನೀವೂ ಅದನ್ನ ಮಾಡ್ರಿ!" ಟಾಯರಿನ ಗಾಳಿ ಬಿಟ್ಟೆವು. ದೋಣಿ ನಿಟ್ಟುಸಿರು ಬಿಟ್ಟು ತಲೆ ತಗ್ಗಿಸಿ ಕಮಾನಿನ ಕೆಳಗಿನಿಂದ ಹೊರಗೆ ಬಂತು. ಬೀದಿಯಲ್ಲಿ ಹಕೀಮರ ಪಂಪಿನಿಂದ ಮತ್ತೆ ಗಾಳಿ ತುಂಬುವುದಕ್ಕೆ ಓಣಿಯವರೆಲ್ಲ ಸರದಿ ನಿಂತರು. ಅವರಲ್ಲಿ ಒಬ್ಬರಿಗೂ ನಾನು ಸರಿಯಾಗಿ ಉಪಕಾರ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಅವ್ವ ಒಂದು ದೊಡ್ಡ ಡಬ್ಬಿಯ ತುಂಬ ಉಂಡಿ ಕೊಟ್ಟು, "ಆಕಿನ್ನ ಕರ್ಕೊಂಡ ಬಾ. ಈ ವರ್ಷ ಆಕಿ ಬರಲಿಲ್ಲಂದ್ರ ಇನ್ನ ಮುಂದ ಜೋಕಾಲಿ ಕಟ್ಟೂದು ಬ್ಯಾಡ" ಎಂದಳು. ಮೆಲ್ಲಗೇ ಹೇಳಿದಳು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಹಾದಿಯಲ್ಲಿ ಆ ಗಾಲಿಗಳು ಮಾಡಿದ ಉಪಕಾರವನ್ನು ಎಷ್ಟು ಹೇಳಿದರೂ ಸಾಲದು. ಜೋಡೆತ್ತಿನ ಬಂಡಿಗಳು ಗಾಲಿಯ ನಡುವಿನ ಗುಂಬದವರೆಗೆ ಹೂತು ನಿಂತ ಕಡೆಗಳಲ್ಲಿ ನಮ್ಮ ದೋಣಿ ಕೆಸರಿನ ಮೇಲೆಯೇ ಮೆತ್ತಗೆ ಉರುಳಿ ಹೋಯಿತು. ಸಿದ್ರಾಮನಿಗೆ ಮಾತ್ರ ಒಳಗೊಳಗೇ ಅಪನಂಬಿಕೆ. "ಒಳಗ ಬರೀ ಗಾಳಿ ತುಂಬೇರಿ. ಗಾಳಿ ಮ್ಯಾಲೆ ಭಾರ ಹಾಕಿದ್ರ ಹೆಂಗ್ರಿ?" ಎಂದು ಹಾದಿಯುದ್ದಕ್ಕೂ ಕೇಳಿದ. ಆ ಅಪನಂಬಿಕೆಯಿಂದಲೇ ಅವನು ದೋಣಿಯನ್ನು ಗಾಡಿಗೆ, ಜೋಳದ ಕಣಿಕೆಯ ಹೇರು ಬಿಗಿಯುವಂತೆ, ಹಗ್ಗದ ಮೇಲೆ ಹಗ್ಗ ಹಾಕಿ ಬಿಗಿದಿದ್ದ. ಅವನು ಬಿಗಿದ ಗಂಟು ಅವನಿಗೇ ಬಿಚ್ಚಲು ಬರುತ್ತಿರಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಗಾಣಗಾಪುರ ದಾಟಿ, ಹರಗೋಲು ನಿಲ್ಲುವ ಜಾಗಕ್ಕೆ ಮುಟ್ಟಿದಾಗ ಬಿಸಿಲೇರಿತ್ತು. ಹೊಳೆ ಎರಡೂ ದಂಡೆ ತುಂಬಿ ಹೋಗುತ್ತಿತ್ತು, ಆದರೆ ಅಬ್ಬರವಿರಲಿಲ್ಲ. ಹರಗೋಲು ಹಾಕುವ ಯಲ್ಲಪ್ಪ ದಂಡೆಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದ. ಹರಗೋಲು ಈ ನೀರಿಗೆ ನಿಲ್ಲುವುದಿಲ್ಲವೆಂದ; ದೋಣಿಯಾದರೆ ನೋಡಬಹುದು, ಮೊದಲು ದಂಡೆಯ ನೀರಿನಲ್ಲಿ ಇಟ್ಟು ಎಲ್ಲಾದರೂ ಸೋರುತ್ತದೆಯೇ ತಿಳಿಯಬೇಕು ಎಂದ. ಸಿದ್ರಾಮ ಗಾಡಿಯನ್ನು ಹಿಂದುಮುಂದಾಗಿ ನೀರಿಗೆ ಇಳಿಸಿದ. ಸ್ಟೂಲು ಹಾಕಿ ಇಳಿದು ಮತ್ತೆ ಹತ್ತುವ ಕಷ್ಟ ಯಾಕೆಂದು ನಾನು ದೋಣಿಯಲ್ಲೇ ಕೂತು ಬುತ್ತಿ ಬಿಚ್ಚಿದೆ. ಯಲ್ಲಪ್ಪ ಹುಟ್ಟು ಹಿಡಿದುಕೊಂಡು ಒಳಗೆ ಹತ್ತಿ, ತಳ ತಡವಿ ನೋಡತೊಡಗಿದ. ಅವನಿಗೆ ಸಿಕ್ಕದ್ದು ಒಂದು ಒಣ ಮೆಣಸಿನಕಾಯಿ ಮಾತ್ರ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಬಂಡಿಯ ಗಾಲಿ ಕಟ್ಟಿಗೆಯದು. ಒಣಗಿದರೆ ಕಟ್ಟಿಗೆ ಸೊರಗಿ ಮೇಲಿನ ಕಬ್ಬಿಣದ ಪಟ್ಟಿ ಸಡಿಲಾಗುತ್ತದೆ. ಅದಕ್ಕೇ ಹಳ್ಳ, ಹೊಳೆ ಕಂಡಲ್ಲಿ ಎತ್ತು ಬಿಚ್ಚಿ ನೀರು ಕುಡಿಸಿ, ಬಂಡಿಯನ್ನು ನೀರಿನಲ್ಲೇ ಬಿಟ್ಟು ಗಾಲಿ ನೆನೆಸುತ್ತಾರೆ. ಹೊಸ ಗಾಲಿಯಾದರಂತೂ ನೆನೆಸದೆ ಮುಂದೆ ಹೊಡೆಯುವುದೇ ಇಲ್ಲ. ಸಿದ್ರಾಮನ ಅಪ್ಪ ಹಾಗೆ ಮಾಡಿದ್ದ, ಅಜ್ಜ ಹಾಗೆ ಮಾಡಿದ್ದ. ಸಿದ್ರಾಮನೂ ಎತ್ತು ಬಿಚ್ಚಿದ. "ಹೊಸಾ ಗಾಲಿ ಅದಾವ್ರಿ, ಒಂದೀಟು ನೆನೀಲಿ" ಎಂದು ಹೇಳಿ, ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಅತ್ತ ಹೋದ. ನನಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನೆನೆಯಲಿ ಎಂದು ಒಂದು ರೊಟ್ಟಿ ಮುರಿದೆ.

ರೊಟ್ಟಿಯ ಎರಡನೆಯ ತುತ್ತಿಗೆ ದಂಡೆ ನನ್ನಿಂದ ದೂರ ಹೋಗುತ್ತಿರುವುದು ಕಂಡಿತು. ದಂಡೆಯೇ ಹೋಗುತ್ತಿದೆ ಎಂದು ಮೊದಲು ಅನ್ನಿಸಿತು. ಗಾಳಿ ತುಂಬಿದ ಟಾಯರುಗಳು ನೆನೆಯುವ ಬದಲು ತೇಲಿದ್ದವು! ಗಾಡಿ ಎದ್ದಿತು, ಗಾಡಿಯ ಮೇಲೆ ಬಿಗಿದ ದೋಣಿ ಹೊರಟಿತು, ದೋಣಿಯೊಳಗೆ ರೊಟ್ಟಿ ಹಿಡಿದ ನಾನು.

"ಸಾವ್ಕಾರ್ರ, ದೋಣಿ ಕೆಳಗ ಗಾಡಿ ಇನ್ನಾ ಅದಲ್ರಿ!" ಎಂದು ಯಲ್ಲಪ್ಪ ಚೀರಿದ.

"ಅದನಪ್ಪಾ."

"ಯಾಕದ?"

ನಾನು ರೊಟ್ಟಿ ಹಿಡಿದ ಕೈಯಿಂದಲೇ ಸಿದ್ರಾಮನ ಕಡೆ ತೋರಿಸಿದೆ. ದಂಡೆಯ ಮೇಲೆ ಸಿದ್ರಾಮ ಎರಡೂ ಕೈಯೆತ್ತಿ, "ನಿಂದರ್ರಿ, ನಿಂದರ್ರಿ!" ಎಂದು ಕೂಗುತ್ತ ಓಡುತ್ತಿದ್ದ. ನಿಲ್ಲಲು ನನ್ನದೇನೂ ಅಭ್ಯಂತರವಿರಲಿಲ್ಲ. ಯಲ್ಲಪ್ಪ ನನ್ನನ್ನು ತಳದಲ್ಲಿ ಕೂಡಿಸಿ ಹುಟ್ಟು ಹಾಕತೊಡಗಿದ. ತಿರುಗಿ ಹೋಗಲು ಸೆಳವು ಬಿಡಲಿಲ್ಲ. ಮುಂದೆ ಹೋಗುವುದೇ ಸುಲಭವಾಯಿತು. ನಡುಹೊಳೆಯಲ್ಲಿ ಒಂದು ಸುಳಿ ಬಂದು ದೋಣಿಯನ್ನು ಪಕ್ಕಕ್ಕೆ ಎತ್ತಿತು. ನಾನು ಶಿವನ ಹೆಸರು ಹೇಳುತ್ತ ಉಂಡಿಯ ಡಬ್ಬಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಅವ್ವನ ನೆನಪಾಯಿತು, ಕಟ್ಟಿದ ಜೋಕಾಲಿಯ ನೆನಪಾಯಿತು. ನಾನು ಹೋದರೆ ಅದನ್ನು ಬಿಚ್ಚುವವರೂ ಇಲ್ಲ. ದೋಣಿ ವಾಲಿತು, ವಾಲಿ ನಿಂತಿತು, ಮತ್ತೆ ನೆಟ್ಟಗಾಯಿತು. ಎಷ್ಟೋ ಹೊತ್ತಿನ ಮೇಲೆ ಕೆಳಗೆ 'ದಡ್' ಎಂದಿತು. ಗಾಲಿಗಳು ಆಚೆ ದಂಡೆಯ ನೆಲ ಮುಟ್ಟಿದ್ದವು. ಯಲ್ಲಪ್ಪ ಬೆವರು ಒರೆಸಿಕೊಂಡು ಹೇಳಿದ: "ಹಗೂರ ದೋಣಿ ರೀ ಇದು. ಕೆಳಗ ಆ ಗಾಲಿ ಹಿಡಕೊಂಡು ನಿಂತ್ವು. ಇಲ್ದಿದ್ರ ಸುಳಿಯೊಳಗ ಮಗಚಿ ಹಾಕ್ತಿತ್ತು."

ಆ ದಂಡೆಯಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದ ಒಕ್ಕಲಿಗನೊಬ್ಬ ಹೊಳೆಯೊಳಗಿಂದ ಗಾಡಿ ಬಂದದ್ದನ್ನು ನೋಡಿ ಮೊದಲು ಕೈ ಮುಗಿದ. ಆಮೇಲೆ, ಯಾರ ಮನೆಗೆ ಎಂದು ಕೇಳಿ, ತನ್ನ ಎತ್ತುಗಳನ್ನೇ ನೊಗಕ್ಕೆ ಕಟ್ಟಿದ. ಕೆಳಗಿಳಿಯಲು ನನಗೆ ಸ್ಟೂಲಿರಲಿಲ್ಲ. ಅದು ಸಿದ್ರಾಮನ ಹತ್ತಿರ ಉಳಿದಿತ್ತು. ಹೀಗಾಗಿ ನಾನು ದೋಣಿಯಲ್ಲಿ ಕೂತೇ ಅಕ್ಕನ ಊರು ಹೊಕ್ಕೆ, ಕೂತೇ ಅಕ್ಕನ ಮನೆಯ ಮುಂದೆ ನಿಂತೆ. ನೀಲಕ್ಕ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ತಲೆಯೆತ್ತಿ ನನ್ನನ್ನು ನೋಡಿದಳು.

"ತಮ್ಮಾ... ಹೊಳಿ ದಾಟಿ ಬಂದೇನೋ?"

"ಹೌದಕ್ಕಾ. ಪಂಚಮಿಗಿ ಕರಿಯಾಕ ಬಂದೇನಿ."

"ನಿನಗ ಈಜ ಬರಂಗಿಲ್ಲಲ್ಲೋ, ಹುಚ್ಚಾ!"

ಬೈಯುತ್ತ ಬೈಯುತ್ತ ಅಳತೊಡಗಿದಳು. ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡಳು. ನಾನೂ ಅತ್ತೆ, ಎತ್ತರದಲ್ಲಿ ಕೂತಿದ್ದರಿಂದ ಊರವರಿಗೆಲ್ಲ ಚೆನ್ನಾಗಿ ಕಂಡಿತು. ಪ್ರತಿ ವರ್ಷ "ನೀರು ಇಳೀಲಿ, ಕಳಸ್ತೇನಿ" ಎನ್ನುತ್ತಿದ್ದ ಅಕ್ಕನ ಗಂಡ, ನಮ್ಮ ಮಾವನವರು, ಗಾಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗಾಲಿ ಬಿಚ್ಚದ ಹಂಗೇ ದಾಟಿಸೀರಲ್ಲ, ಇದು ಯಾರ ತಲಿಗಿ ಹೊಳೀತು?" ಎಂದರು. "ನನ್ನ ತಲಿಗೇ ರೀ. ಬೇಕಂತ್ಲೇ ಬಿಚ್ಚಿಲ್ರಿ" ಎಂದೆ. ಯಲ್ಲಪ್ಪ ನನ್ನ ಮುಖ ನೋಡಿದ, ಬಾಯಿಗೆ ಇನ್ನೊಂದು ಎಲೆ ಹಾಕಿಕೊಂಡ, ಸುಮ್ಮನಾದ. ನನ್ನ ಜೀವ ಉಳಿಸಿದ್ದಕ್ಕಿಂತ ಆ ಸುಮ್ಮನಿದ್ದುದಕ್ಕೇ ನಾನು ಅವನಿಗೆ ಹೆಚ್ಚು ಋಣಿ.

ಮರುದಿನ ನೀರು ತುಸು ಇಳಿದಿತ್ತು. ಗಾಲಿ ಬಿಚ್ಚುವ ಮಾತನ್ನು ಯಾರೂ ಆಡಲಿಲ್ಲ. ಅಕ್ಕನನ್ನು ಕೂಡಿಸಿಕೊಂಡು ತಿರುಗಿ ದಾಟಿದೆವು. ಆಕೆ ನಡುಹೊಳೆಯಲ್ಲಿ ಅವ್ವನ ಉಂಡಿ ತಿನ್ನುತ್ತ ಕೂತಿದ್ದಳು, ನಾನು ತಳ ಹಿಡಿದು ಕೂತಿದ್ದೆ. ಈಚೆ ದಂಡೆಯಲ್ಲಿ ಸಿದ್ರಾಮ ಊಟ ನಿದ್ದೆ ಬಿಟ್ಟು, ಗಾಣಗಾಪುರದ ದೇವರಿಗೆ ಸಿಕ್ಕಸಿಕ್ಕ ಹರಕೆ ಹೊತ್ತು, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. ಎದೆಮಟ್ಟದ ನೀರಿಗೆ ಇಳಿದು ಬಂದು ಗಾಡಿ ಹಿಡಿದುಕೊಂಡ. ನೀಲಕ್ಕನ ಕಾಲು ಮುಟ್ಟಿದ, ನನ್ನ ಕಾಲು ಮುಟ್ಟಿದ. ಆಮೇಲೆ ಟಾಯರನ್ನು ತಡವಿ ನೋಡಿ, ಸಮಾಧಾನದ ಉಸಿರು ಬಿಟ್ಟು ಹೇಳಿದ: "ಚೆಂದಾಗಿ ನೆನದಾವ ನೋಡ್ರಿ."

ಪಂಚಮಿಯ ದಿನ ಹೊತ್ತು ಇಳಿಯುವ ಮುಂದೆ ಮನೆ ಮುಟ್ಟಿದೆವು. ಕಮಾನಿನ ತಾಪತ್ರಯ ಬೇಡವೆಂದು ದೋಣಿಯನ್ನು ಹೊರಗೇ, ಅಂಗಳದ ಗೋಡೆಗೆ ಹತ್ತಿ ನಿಲ್ಲಿಸಿದ ಸಿದ್ರಾಮ. ನಮ್ಮಾಕೆ ಸ್ಟೂಲು ಹಾಕಿದಳು, ನೀಲಕ್ಕ ಇಳಿದಳು. ಅವ್ವ ಆರತಿ ತಂದಿದ್ದಳು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮಗಳಿಗೆ ಆರತಿ ಎತ್ತಿದಳು, ಎತ್ತುಗಳಿಗೆ ಎತ್ತಿದಳು, ಎರಡೂ ಗಾಲಿಗಳಿಗೆ ಕುಂಕುಮ ಹಚ್ಚಿ ಎತ್ತಿದಳು, ಬೇಡಬೇಡವೆಂದರೂ ಸಿದ್ರಾಮನಿಗೆ ಎತ್ತಿದಳು. ಹಕೀಮರ ಮನೆಗೆ ಎಳ್ಳುಂಡಿ ಹೋಯಿತು. ಇನ್ನು ನನ್ನ ಸರದಿ ಎಂದು ನಾನು ದೋಣಿಯಲ್ಲಿ ನೆಟ್ಟಗೆ ಕೂತು, ರುಮಾಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವ್ವ, "ಆ ಸ್ಟೂಲ್ ಇತ್ತ ಕೊಡ್ರೆ, ಜೋಕಾಲಿ ನನಗ ಎತ್ತರ ಆಗ್ತದ" ಎಂದಳು. ನಮ್ಮಾಕೆ ಸ್ಟೂಲು ಎತ್ತಿಕೊಂಡಳು. ಎಲ್ಲರೂ ಮಗಳ ಹಿಂದೆ ಒಳಗೆ ಹೋದರು. ಸಿದ್ರಾಮ ಎತ್ತು ಬಿಚ್ಚಿಕೊಂಡು ಹೋದ.

ಬೀದಿಯಲ್ಲಿ ದೋಣಿಯ ಮೇಲೆ ನಾನೊಬ್ಬನೇ ಉಳಿದೆ. ಸ್ಟೂಲಿಗಾಗಿ ಒಂದೆರಡು ಸಲ ಕೂಗಿದೆ. ಒಳಗಿನ ನಗೆಯಲ್ಲಿ ಯಾರಿಗೂ ಕೇಳಲಿಲ್ಲ. ಹಾರಿ ಇಳಿಯೋಣವೆಂದು ಎದ್ದು ನಿಂತವನು ಹಾಗೇ ನಿಂತುಬಿಟ್ಟೆ. ಅಷ್ಟು ಎತ್ತರದಿಂದ ಗೋಡೆಯಾಚೆ ಬೇವಿನ ಮರ ಕಾಣುತ್ತಿತ್ತು. ನೀಲಕ್ಕ ಜೋಕಾಲಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅವ್ವ, ಮಗಳ ಹೆಗಲ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿಕೊಂಡು. ಸಾಹೇಬರ ಆ ಪುಟ್ಟ ಗಾಲಿಗಳೇ ಇದ್ದಿದ್ದರೆ ನನಗೆ ಬರೀ ಗೋಡೆ ಕಾಣುತ್ತಿತ್ತು. ಸ್ಟೂಲಿನ ನೆನಪು ಯಾರಿಗೂ ಬರುವುದು ಬೇಡವೆಂದುಕೊಂಡು ನಾನು ಅಲ್ಲೇ ಮತ್ತೆ ಕೂತೆ.